ಒಂದೇ ವಿಂಡೋ ಎಲ್ಲ ಮಾನಿಟರ್‌ಗಳಲ್ಲೂ ಸರಿಯಾಗಿ ಕಾಣಬೇಕು, ಹೇಗೆ ಮಾಡುತ್ತೀರಿ?

ಪ್ರಶ್ನೆ: ವಿಂಡೋಸ್ ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳ ವಿಂಡೋ, ಬಟನ್‌ಗಳನ್ನು ಕಟ್ಟುವ ಮೈಕ್ರೋಸಾಫ್ಟ್ ಸಾಧನ) ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ನನ್ನ 1920×1080 ಮಾನಿಟರಿನಲ್ಲಿ ಎಲ್ಲ ಸರಿಯಾಗಿದೆ. ಬಳಸುವವರ ಲ್ಯಾಪ್‌ಟಾಪಿನದೂ ಅದೇ ರೆಸಲ್ಯೂಶನ್, ಆದರೂ ಕೆಳಗಿನ ‘ಉಳಿಸು’ ಬಟನ್ ಕಾಣುತ್ತಿಲ್ಲವಂತೆ. ಒಂದೊಂದು ಪರದೆಗೂ ಬೇರೆ ಫಾರ್ಮ್ (ವಿಂಡೋ) ಮಾಡಬೇಕೆ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ಬೇರೆ ಫಾರ್ಮ್ ಖಂಡಿತ ಬೇಡ ಸರ್. ನಾಳೆ ಒಂದು ಕಾಲಂ ಸೇರಿಸಬೇಕೆಂದರೆ ಎಲ್ಲ ಕಡೆ ತಿದ್ದುತ್ತ ಕೂರಬೇಕಾಗುತ್ತದೆ. ಅವರ ಸ್ಕೇಲಿಂಗ್ (ಪರದೆಯ ಮೇಲಿನದ್ದನ್ನೆಲ್ಲ ವಿಂಡೋಸ್ ದೊಡ್ಡದು ಮಾಡಿ ತೋರಿಸುವ ಪ್ರಮಾಣ) ಎಷ್ಟಿದೆ ಎಂದು ಮೊದಲು ಕೇಳಿ. 1920×1080 ಪರದೆಗೆ 150% ಸ್ಕೇಲಿಂಗ್ ಇದ್ದರೆ ನಿಮಗೆ ಸಿಗುವುದು 1280×720ರಷ್ಟೇ ಜಾಗ. ಅದರಲ್ಲೂ ಟಾಸ್ಕ್‌ಬಾರ್ ತನ್ನ ಪಾಲು ತೆಗೆದುಕೊಳ್ಳುತ್ತದೆ. 1366×768 ಲ್ಯಾಪ್‌ಟಾಪಿನಲ್ಲಿ 125% ಇಟ್ಟಿದ್ದರಂತೂ ಎತ್ತರ 614ಕ್ಕೆ ಇಳಿಯುತ್ತದೆ. ಅದಕ್ಕೇ ನಾನು ಯಾವ ಡೈಲಾಗನ್ನೂ 550ಕ್ಕಿಂತ ಎತ್ತರ ಮಾಡುವುದಿಲ್ಲ. ಅಗಲ ಸಾಲದಿದ್ದರೆ ಜನ ಹೇಗೋ ಸುಧಾರಿಸಿಕೊಳ್ಳುತ್ತಾರೆ, ಎತ್ತರ ಸಾಲದಿದ್ದರೆ ಕೆಲಸವೇ ನಿಂತುಹೋಗುತ್ತದೆ.

ಬಟನ್‌ಗಳನ್ನೆಲ್ಲ ಒಂದು ಪ್ಯಾನೆಲ್‌ನಲ್ಲಿಟ್ಟು ಅದನ್ನು ಕೆಳಕ್ಕೆ ಡಾಕ್ ಮಾಡಿ (ಕೆಳ ಅಂಚಿಗೆ ಅಂಟಿಸಿ). ಉಳಿದ ಜಾಗ ತುಂಬುವಂತೆ ಇನ್ನೊಂದು ಪ್ಯಾನೆಲ್ ಹಾಕಿ, ಅದಕ್ಕೆ ಆಟೋಸ್ಕ್ರಾಲ್ (ಜಾಗ ಸಾಲದಾಗ ಸ್ಕ್ರಾಲ್‌ಬಾರ್ ತಾನಾಗಿ ಬರುವ ಆಯ್ಕೆ) ಕೊಡಿ. ವಿಂಡೋ ಎಷ್ಟೇ ಕುಗ್ಗಿದರೂ ‘ಉಳಿಸು’ ಕಣ್ಣೆದುರೇ ಇರುತ್ತದೆ. ದೊಡ್ಡ ಮಾನಿಟರಿನಲ್ಲಿ ಹಿಗ್ಗಬೇಕಾದದ್ದು ಐಟಂಗಳ ಗ್ರಿಡ್ ಒಂದೇ. ದಿನಾಂಕದ ಬಾಕ್ಸ್ ಪರದೆಯುದ್ದಕ್ಕೂ ಚಾಚಿಕೊಂಡರೆ ಯಾರಿಗೇನು ಲಾಭ? ಟೇಬಲ್‌ಲೇಔಟ್‌ಪ್ಯಾನೆಲ್‌ನಲ್ಲಿ (ಸಾಲು, ಕಾಲಂಗಳಲ್ಲಿ ಜೋಡಿಸುವ ಪ್ಯಾನೆಲ್) ಲೇಬಲ್ ಇರುವ ಕಾಲಂಗೆ ಆಟೋಸೈಜ್ (ಒಳಗಿನ ಪಠ್ಯಕ್ಕೆ ತಕ್ಕ ಅಳತೆ) ಇಡಿ, ಪಿಕ್ಸೆಲ್ ಲೆಕ್ಕದ ಅಗಲ, ಎತ್ತರ ಬೇಡ. ಇಂಗ್ಲಿಷ್ ಲೇಬಲ್‌ಗೆ ಅಳೆದು ಕೊಟ್ಟ ಎತ್ತರದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಇದನ್ನು ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ನೋಡಿ ಬೇಸರಪಟ್ಟಿದ್ದೇನೆ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ಜೊತೆಗೆ, ಅಕ್ಷರ ಮಸುಕಾಗಿದೆ ಎಂಬ ದೂರು ಬಂದರೆ ಆಪ್ ಮ್ಯಾನಿಫೆಸ್ಟ್ (ಪ್ರೋಗ್ರಾಂ ಬಗ್ಗೆ ವಿಂಡೋಸಿಗೆ ತಿಳಿಸುವ ಫೈಲ್) ನೋಡಿ. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಬಗ್ಗೆ ನಿಮ್ಮ ಪ್ರೋಗ್ರಾಂ ಏನೂ ಹೇಳದಿದ್ದರೆ, ಅದು 96 ಡಿಪಿಐಗೆಂದೇ, ಅಂದರೆ 100% ಸ್ಕೇಲಿಂಗಿಗೆಂದೇ ಬರೆದದ್ದು ಎಂದುಕೊಂಡು ವಿಂಡೋಸ್ ಅದನ್ನು ಫೋಟೋ ಎಳೆದು ದೊಡ್ಡದು ಮಾಡಿದಂತೆ ಹಿಗ್ಗಿಸುತ್ತದೆ. ಲ್ಯಾಪ್‌ಟಾಪಿಗೆ 150%, ಹೊರಗಿನ ಮಾನಿಟರಿಗೆ 100% ಇಟ್ಟುಕೊಂಡವರು ಬಹಳ. ಅವರಿಗೆ ಪರ್-ಮಾನಿಟರ್ ವಿ2 (ಒಂದೊಂದು ಮಾನಿಟರಿನ ಸ್ಕೇಲಿಂಗಿಗೂ ಪ್ರೋಗ್ರಾಂ ಹೊಂದಿಕೊಳ್ಳುವ ಸೆಟ್ಟಿಂಗ್) ಬೇಕು. ಇದು ವಿಂಡೋಸ್ 10ರ 1703 ಆವೃತ್ತಿಯಿಂದ ಇದೆ. ಆನ್ ಮಾಡಿದ ಮೇಲೆ ವಿಂಡೋವನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಎಳೆದು ಪ್ರತಿಯೊಂದು ಫಾರ್ಮನ್ನೂ ಪರೀಕ್ಷಿಸಿ. ಕೈಯಾರೆ ಬಿಡಿಸಿದ ಕಂಟ್ರೋಲ್‌ಗಳು, ಐಕಾನ್‌ಗಳು ತಾವಾಗಿ ಹೊಂದಿಕೊಳ್ಳುವುದಿಲ್ಲ.

ಮತ್ತೊಬ್ಬರು: ಯಾರೂ ಹೇಳದ ಒಂದು ವಿಷಯ. ಮುಚ್ಚುವಾಗ ವಿಂಡೋ ಇದ್ದ ಜಾಗವನ್ನು ಸೇವ್ ಮಾಡುತ್ತಿದ್ದೀರಾ? ಹಾಗಿದ್ದರೆ ಎರಡನೇ ಮಾನಿಟರ್ ತೆಗೆದ ದಿನ ವಿಂಡೋ ಇಲ್ಲದ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಟಾಸ್ಕ್‌ಬಾರಿನಲ್ಲಿ ಹೆಸರಿದೆ, ಎದುರಿಗೆ ಏನೂ ಇಲ್ಲ. ಪಾಪ, ಬಳಸುವವರು ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡುತ್ತಾರೆ. ತೆರೆಯುವ ಮೊದಲು ಆ ಜಾಗ ಈಗಿರುವ ಯಾವುದಾದರೂ ಪರದೆಯ ವರ್ಕಿಂಗ್ ಏರಿಯಾದೊಳಗೆ (ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ) ಬರುತ್ತದೆಯೇ ನೋಡಿ, ಬರದಿದ್ದರೆ ಮುಖ್ಯ ಪರದೆಯ ನಡುವೆ ತೆರೆಯಿರಿ. ಮೈನಸ್ ಸಂಖ್ಯೆ ಕಂಡ ಕೂಡಲೇ ತಪ್ಪೆಂದು ತೆಗೆದುಹಾಕಬೇಡಿ. ಮುಖ್ಯ ಮಾನಿಟರಿನ ಎಡಕ್ಕೆ ಇನ್ನೊಂದು ಇಟ್ಟುಕೊಂಡವರಿಗೆ ಅಲ್ಲಿನ ಎಕ್ಸ್ ಬೆಲೆ (ಎಡ-ಬಲದ ಸ್ಥಾನ) ಮೈನಸ್ಸೇ ಇರುತ್ತದೆ.