ಸಹಾಯ ಬೇಕು: ಸೈನಸ್ ಗಡ್ಡೆಗೆ ಸಿಟಿ ಆದ ಮೇಲೂ ಎಂಆರ್‌ಐ ಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಮೂಗಿನ ಎಡಗಡೆ ಮಾತ್ರ ಕಟ್ಟಿಕೊಂಡು ಆಗಾಗ ರಕ್ತ ಬರುತ್ತಿದೆ. ಸಿಟಿ ಸ್ಕ್ಯಾನ್ ಆಯ್ತು. ಕೆನ್ನೆಯ ಸೈನಸ್ (ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳು ಜಾಗ) ಪೂರ್ತಿ ತುಂಬಿದೆ, ಕಣ್ಣಿನ ಕೆಳಗಿನ ತೆಳು ಮೂಳೆ ಸವೆದಿದೆ ಅಂತ ರಿಪೋರ್ಟಿನಲ್ಲಿದೆ. ಈಗ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕಿ ಎಂಆರ್‌ಐ ಮಾಡಿಸಿ, ಆಮೇಲೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಅಂದಿದ್ದಾರೆ ಡಾಕ್ಟರು.

ಮೂಳೆ ನೋಡಲು ಸಿಟಿ ಸರಿ. ಆದರೆ ಒಳಗೆ ತುಂಬಿರುವುದು ಎಷ್ಟು ಗಡ್ಡೆ, ಎಷ್ಟು ಬರೀ ಸಿಂಬಳ ಅಂತ ಅದರಲ್ಲಿ ಬಿಡಿಸಿ ಹೇಳುವುದು ಕಷ್ಟ, ಅಲ್ವಾ? ಎಂಆರ್‌ಐನ ಟಿ2 ಅನ್ನುವ ಬಗೆಯ ಚಿತ್ರದಲ್ಲಿ ನೀರಾದ ಸಿಂಬಳ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಸಾಮಾನ್ಯವಾಗಿ ಅಷ್ಟು ಹೊಳೆಯುವುದಿಲ್ಲ ಅಂತ ಓದಿದೆ. ಕಣ್ಣಿನ ಕಡೆ, ಮಿದುಳಿನ ಕಡೆ, ನರದ ಗುಂಟ ಹರಡಿದೆಯಾ ಅನ್ನುವುದೂ ಇದರಲ್ಲೇ ಚೆನ್ನಾಗಿ ಕಾಣುತ್ತದಂತೆ.

ಮಾವನವರಿಗೆ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಅಂಶ) ಸ್ವಲ್ಪ ಜಾಸ್ತಿ ಇದೆ. ಕಾಂಟ್ರಾಸ್ಟ್ ಕೊಡುವ ಮುಂಚೆ ಡಾಕ್ಟರ ಹತ್ತಿರ ಏನೇನು ಕೇಳಬೇಕು? ಪೆಟ್ ಸ್ಕ್ಯಾನ್ (ಕ್ಯಾನ್ಸರ್ ಇದ್ದರೆ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಅಂತ ನೋಡುವ ಸ್ಕ್ಯಾನ್) ಈಗಲೇ ಬೇಕಾ, ಬಯಾಪ್ಸಿ ರಿಪೋರ್ಟ್ ಬಂದ ಮೇಲಾ? ರೇಡಿಯಾಲಜಿ ಗೊತ್ತಿರುವವರು ದಯವಿಟ್ಟು ತಿಳಿಸಿ. ಸುಮ್ನೆ ಧೈರ್ಯ ಹೇಳುವುದು ಬೇಡ.