ಫ್ರಾನ್ಸಿನ ಪಾದ್ರಿಗಳು ಎಲ್ರೂ ಆರಾಮಾಗಿದ್ರಾ ಸರ್?

ಪ್ರಶ್ನೆ: ಸರ್ ನಮಸ್ತೆ, ನಾನು ಬಿಎ ಸೆಕೆಂಡ್ ಇಯರ್. ಕ್ರಾಂತಿಗೆ ಮುಂಚೆ ಫ್ರಾನ್ಸಲ್ಲಿ ಸಮಾಜ ಮೂರು ಎಸ್ಟೇಟು ಅಂದ್ರೆ ವರ್ಗ ಆಗಿತ್ತು, ಪಾದ್ರಿಗಳೇ ಮೊದಲನೇ ಎಸ್ಟೇಟು, ಟ್ಯಾಕ್ಸ್ ಕಟ್ತಿರ್ಲಿಲ್ಲ, ಹಾಯಾಗಿದ್ರು ಅಂತ ನೋಟ್ಸಲ್ಲಿದೆ. ಹಂಗಿದ್ರೆ 1789ರಲ್ಲಿ ಅವರಲ್ಲೇ ಅಷ್ಟೊಂದು ಜನ ಮೂರನೇ ಎಸ್ಟೇಟ್, ಅಂದ್ರೆ ಸಾಮಾನ್ಯ ಜನರ ಕಡೆ ಯಾಕೆ ಹೋದ್ರು?

ಉತ್ತರ (ಇತಿಹಾಸ ಲೆಕ್ಚರರ್): ನೋಟ್ಸ್ ಅರ್ಧ ಸರಿ ಇದೆ ಕಣಮ್ಮ. ಇದ್ದಿದ್ದು ಸುಮಾರು 1,30,000 ಜನ, ದೇಶದ ಜಮೀನಲ್ಲಿ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು ಚರ್ಚಿಂದು. ರೈತರು ಕಟ್ತಿದ್ದ ಮುಖ್ಯ ತೆರಿಗೆ ಇವರಿಗಿಲ್ಲ, ಐದು ವರ್ಷಕ್ಕೊಂದ್ಸಲ ತಾವೇ ಸಭೆ ಸೇರಿ ರಾಜಂಗೆ ಇಷ್ಟು ಅಂತ ಕೊಡೋರು, ಅದಕ್ಕೂ ಹೆಸರು ತೆರಿಗೆ ಅಲ್ಲ, ಕಾಣಿಕೆ! ಆದ್ರೆ ಇದರ ಸುಖ ಎಲ್ಲಾ ಮೇಲಿನವ್ರಿಗೆ. 1789ರ ಹೊತ್ತಿಗೆ ಬಿಷಪ್‌ಗಳು ಹೆಚ್ಚುಕಮ್ಮಿ ಎಲ್ರೂ ಕುಲೀನ (ನೋಬಲ್) ಮನೆತನದವ್ರೇ, ಸ್ಟ್ರಾಸ್‌ಬರ್ಗ್ ಬಿಷಪ್‌ಗೆ ವರ್ಷಕ್ಕೆ ಸುಮಾರು 4,00,000 ಲಿವ್ರ್ (ಆಗಿನ ಫ್ರಾನ್ಸಿನ ಹಣ) ವರಮಾನ, ಅದೇ ಎಷ್ಟೋ ಹಳ್ಳಿ ಪಾದ್ರಿಗಳಿಗೆ ಸಿಗ್ತಿದ್ದಿದ್ದು 1768ರಲ್ಲಿ ಗೊತ್ತು ಮಾಡಿದ 500 ಲಿವ್ರ್, 1786ರಲ್ಲಿ ಏರಿಸಿ 700. ಹೆಸರಿಗೆ ಇಬ್ರೂ ಒಂದೇ ಎಸ್ಟೇಟು!

ಇನ್ನೊಬ್ರು: ಸರ್, ರೈತರು ಚರ್ಚಿಗೆ ಬೆಳೆಯಲ್ಲಿ ದಶಮಾಂಶ ಅಂತ ಪಾಲು ಕೊಡ್ತಿದ್ರಲ್ಲ, ಅದೆಲ್ಲ ಎಲ್ಲಿಗೆ ಹೋಗ್ತಿತ್ತು?

ಉತ್ತರ: ಅಲ್ಲೇ ಇರೋದು ಕಥೆ. ಗೋಧಿ ಕೊಯ್ದು ಸಿವುಡು ಕಟ್ಟಿಟ್ರೆ ಪಾಲು ಎತ್ತೋನು ಹೊಲಕ್ಕೇ ಬರ್ತಿದ್ದ, ಇಷ್ಟಕ್ಕೊಂದು ಅಂತ ಎಣಿಸಿ ತಗೊಂಡಾದ್ಮೇಲೇನೇ ಉಳಿದಿದ್ದನ್ನ ರೈತ ಮನೆಗೆ ಸಾಗಿಸ್ಬೇಕು, ಕಾಳಿನ ಜೊತೆ ಹುಲ್ಲೂ ಹೋಯ್ತು. ಹಂಗೆ ಹೋಗಿದ್ದು ಊರ ಪಾದ್ರಿ ಕಣಜಕ್ಕೇನಾ ಅಂದ್ರೆ ಬಹಳ ಕಡೆ ಅಲ್ಲ, ದೂರದ ಯಾವುದೋ ಮಠಕ್ಕೋ ದೊಡ್ಡ ಚರ್ಚಿಗೋ ಹೋಗಿ ಪಾದ್ರಿ ಕೈಗೆ ಆಗ್ಲೇ ಹೇಳಿದ ಆ ಪುಡಿ ದುಡ್ಡು. ಹುಟ್ಟು, ಮದುವೆ, ಸಾವು ರಿಜಿಸ್ಟರ್‌ಗೆ ಬರೆಯೋನು ಅವನು, ರಾಜನ ಆಜ್ಞೆ ಓದಿ ಹೇಳೋನೂ ಅವನೇ, ಒಂಥರಾ ಊರಿನ ಆಫೀಸೇ ಅವನು. ಜನರ ಕಷ್ಟ ದಿನಾ ಕಣ್ಣೆದುರಿಗೇ ಇರೋದು.

1789ರಲ್ಲಿ ರಾಜ ಮೂರೂ ಎಸ್ಟೇಟಿನ ಪ್ರತಿನಿಧಿಗಳ ಸಭೆ (ಎಸ್ಟೇಟ್ಸ್ ಜನರಲ್) ಕರೆದಾಗ ಮೊದಲನೇ ಎಸ್ಟೇಟಿಂದ ಆರಿಸಿ ಬಂದವ್ರಲ್ಲಿ ಇಂಥ ಹಳ್ಳಿ ಪಾದ್ರಿಗಳೇ ಜಾಸ್ತಿ ಆಗ್ಬಿಟ್ರು. ಜೂನ್ 13ಕ್ಕೆ ಪ್ವಾತು ಪ್ರಾಂತ್ಯದ ಮೂವರು ಪಾದ್ರಿಗಳು ಮೊದಲು ಎದ್ದು ಮೂರನೇ ಎಸ್ಟೇಟ್ ಜೊತೆ ಕೂತ್ರು, 19ಕ್ಕೆ ವೋಟ್ ಹಾಕಿದ್ರೆ ಸೇರೋಣ ಅಂದೋರು 149, ಬೇಡ ಅಂದೋರು 137.

ಪ್ರಶ್ನೆ ಕೇಳಿದವ್ರು: ಹಂಗಾದ್ರೆ ಕ್ರಾಂತಿಯಿಂದ ಅವರಿಗೆ ಒಳ್ಳೇದಾಯ್ತಾ ಸರ್?

ಉತ್ತರ: ಸಂಬಳ ಏರ್ತು, 1790ರ ಕಾನೂನಲ್ಲಿ ಕಮ್ಮಿ ಅಂದ್ರೂ 1,200 ಲಿವ್ರ್. ಆದ್ರೆ ಅದ್ರ ಜೊತೆಗೇ ಈ ಹೊಸ ವ್ಯವಸ್ಥೆಗೆ ನಿಷ್ಠರಾಗಿರ್ತೀವಿ ಅಂತ ಪ್ರಮಾಣ ಮಾಡಿ ಅಂದ್ರು, ಸುಮಾರು ಅರ್ಧಕ್ಕರ್ಧ ಜನ ಮಾಡಲ್ಲ ಅಂದ್ರು. ಅದನ್ನ ಬೇರೆ ಪೋಸ್ಟಲ್ಲಿ ಕೇಳಿ, ಈಗ ಕ್ಲಾಸಿಗೆ ಹೊರಟೆ.