1.82 ಲಕ್ಷ ಕಿಮೀ ಓಡಿದ ಫಾರ್ಚುನರ್ ಫೋರ್ ಬೈ ಫೋರ್: ವಾರಂಟಿ ಬೇಕಾ?

ಮಲ್ನಾಡ್‌ಡೀಸೆಲ್:
2013ರ 3.0 ಮ್ಯಾನುಯಲ್. ಡೀಲರ್ ಒಂದು ವರ್ಷದ ವಾರಂಟಿಗೆ 38,000 ಕೇಳ್ತಿದ್ದಾರೆ. ವಾರಂಟಿ ತಗೊಳ್ಳೋದಾ? ಗಾಡಿಗೆ ಮೊದಲು ಏನು ಮಾಡಿಸಲಿ?

ಗ್ರೀಸ್‌ಗನ್:
ಸರ್, ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗೆ ವಾಲ್ವ್, ಪಿಸ್ಟನ್ ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ಬೆಲ್ಟ್) ಬದಲಿಸಿದ ಬಿಲ್ ಕೇಳಿ. 1.5 ಲಕ್ಷ ಕಿಮೀಗೆ ಬದಲಾಗಿರಬೇಕು. ಬೆಲ್ಟ್ ಬದಲಿಸಿ ಅಂತ ಹೇಳೋ ಡ್ಯಾಶ್‌ಬೋರ್ಡ್ ಲೈಟ್ ಆರಿದೆ ಅಂತ ನಂಬಬೇಡಿ, ಅದನ್ನ ಯಾರು ಬೇಕಾದ್ರೂ ರೀಸೆಟ್ ಮಾಡ್ತಾರೆ. ಬಿಲ್ ಇಲ್ಲದಿದ್ರೆ ಬೆಲ್ಟ್, ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್, ಅದು ಸುತ್ತೋ ಐಡ್ಲರ್ ರಾಟೆ ಒಟ್ಟಿಗೇ ಹಾಕಿಸಿ. ಹರಿದ್ರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತೆ.

ಆಮೇಲೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿನ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋದು), ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್‌ಗಳ (ತಿರುವಲ್ಲಿ ಎಡ, ಬಲ ಚಕ್ರ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್) ಆಯಿಲ್ ಬದಲಿಸಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಸಿ. ಅದು ಜಾಮ್ ಆಗಿದ್ರೆ, ಹಳೇದು ಬಸಿದ ಮೇಲೆ ಹೊಸದು ತುಂಬೋಕೆ ದಾರಿ ಇರಲ್ಲ! ಡ್ರೈನ್ ಪ್ಲಗ್‌ಗೆ ಬೂದು ಪೇಸ್ಟ್ ಅಂಟಿದ್ರೆ ಸಹಜ, ಲೋಹದ ಚೂರು ಸಿಕ್ಕಿದ್ರೆ ಗೇರ್ ಅಥವಾ ಬೇರಿಂಗ್ ಸವೀತಿದೆ. ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಹೊಕ್ಕಿದೆ, ಬ್ರೀದರ್ (ಗಾಳಿ ಹೋಗಿಬರೋ ಕೊಳವೆ) ನೋಡಿಸಿ.

ಲೋರೇಂಜ್:
ಈ ಮಾಡೆಲ್ ಫುಲ್ ಟೈಮ್ ಫೋರ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗ್ತಿರುತ್ತೆ. ಎರಡೇ ಹೊಸ ಟೈರ್ ಹಾಕಿದ್ರೆ ಸುತ್ತಳತೆ ಏರುಪೇರಾಗಿ ಮುಂದಿನ, ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸೋ ಸೆಂಟರ್ ಡಿಫರೆನ್ಷಿಯಲ್‌ಗೆ ಬಿಡುವೇ ಇರಲ್ಲ.

ವಾರಂಟಿ ಕಾಗದದಲ್ಲಿ 'ಎಂಜಿನ್, ಗೇರ್‌ಬಾಕ್ಸ್' ಅಂತಿದ್ರೆ ಸಾಲದು. ಇಂಜೆಕ್ಟರ್ (ಎಂಜಿನ್‌ಗೆ ಡೀಸೆಲ್ ಚಿಮ್ಮಿಸೋದು), ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬೋದು), ಟ್ರಾನ್ಸ್‌ಫರ್ ಕೇಸ್ ಹೆಸರು ಹುಡುಕಿ. ಒಂದು ಕ್ಲೇಮಿಗೆ ಎಷ್ಟು ಮಿತಿ, ಸವಕಳಿಗೆ ಕೊಡ್ತಾರಾ, ಹೊರಗಿನ ಗ್ಯಾರೇಜಲ್ಲಿ ಸರ್ವಿಸ್ ಮಾಡಿಸಬಹುದಾ ಅಂತ ಬರವಣಿಗೆಯಲ್ಲೇ ಕೇಳಿ.

ಮಲ್ನಾಡ್‌ಡೀಸೆಲ್:
ನೋಡಿದೆ. ಇಂಜೆಕ್ಟರ್, ಟ್ರಾನ್ಸ್‌ಫರ್ ಕೇಸ್ ಎರಡೂ ಇಲ್ಲ.

ಗ್ರೀಸ್‌ಗನ್:
ಹಾಗಾದ್ರೆ ಬಿಡಿ. ಆ ದುಡ್ಡಲ್ಲಿ ಬೆಲ್ಟ್ ಕಿಟ್ ಹಾಕಿಸಿ, ಇಂಜೆಕ್ಟರ್ ಲೀಕ್‌ಬ್ಯಾಕ್ ಟೆಸ್ಟ್ (ಎಷ್ಟು ಡೀಸೆಲ್ ವಾಪಸ್ ಸೋರುತ್ತೆ ಅಂತ ಅಳೆಯೋದು) ಮಾಡಿಸಿ.